ಹಳೇ ಯೆಜ್ಡಿಯ ಕ್ರೋಮ್ ಕಿತ್ತರೆ ಅದು ಹೋಗೋದೆಲ್ಲಿಗೆ?

ಅಪ್ಪನ ಕಾಲದ ಜಾವಾ, ಚಿಕ್ಕಪ್ಪನ ಯೆಜ್ಡಿ, ಗುಜರಿಯಿಂದ ತೂಕದ ಲೆಕ್ಕದಲ್ಲಿ ಎತ್ತಿಕೊಂಡು ಬಂದ ಬುಲೆಟ್. ಇವನ್ನು ಮತ್ತೆ ಮಿಂಚಿಸುವ ಹುಚ್ಚು ಬೆಂಗಳೂರು, ಮೈಸೂರಿನ ಹುಡುಗ ಹುಡುಗಿಯರಲ್ಲಿ ಈಗ ಜೋರಾಗಿದೆ. ಒಳ್ಳೆಯ ಹುಚ್ಚೇ. 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಇವತ್ತಿಗೂ ರಸ್ತೆ ಮೇಲೆ ಓಡುತ್ತಿರೋದು ಈ ಹುಚ್ಚಿನಿಂದಲೇ. ಎಂಜಿನ್ ಬಿಚ್ಚಿ ಜೋಡಿಸೋಕೆ ಮೇಸ್ತ್ರಿ ಸಿಗ್ತಾರೆ, ಪೇಂಟ್‌ಗೆ ಜನ ಇದ್ದಾರೆ. ಎಲ್ಲರೂ ತಡವರಿಸೋದು ಒಂದೇ ಕಡೆ: ಟ್ಯಾಂಕಿನ ಪಕ್ಕೆ, ಹ್ಯಾಂಡಲ್, ರಿಂ, ಸೈಲೆನ್ಸರ್ ಮೇಲಿರುವ ಹಳೇ ಕ್ರೋಮ್. ಅದನ್ನು ಕೀಳೋದು ಹೇಗೆ?

‘ಆಸಿಡ್ ಬೇಡ, ಒಂದು ಬಕೆಟ್, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಇದ್ದರೆ ಸಾಕು, ಮನೆಯಲ್ಲೇ ಮಾಡಿ’ ಎನ್ನುವ ವಿಡಿಯೋಗಳಿಗೆ ಬರವಿಲ್ಲ. ಸೋಡಾ ಅಂದರೆ ಬಟ್ಟೆ ಒಗೆಯೋದು, ಆಸಿಡ್ ಅಂದರೆ ಮುಖ ಸುಡೋದು ಅನ್ನೋ ನಮ್ಮ ಅಂದಾಜಿಗೆ ಇದು ಸರಿಯಾಗಿ ಕೂರುತ್ತೆ. ಆದರೆ ಕ್ರೋಮಿಯಂ ವಿಷಯದಲ್ಲಿ ಈ ಅಂದಾಜು ತಲೆಕೆಳಗು. ಸೌಮ್ಯವಾಗಿ ಕಾಣುವ ಆ ಬಕೆಟ್‌ನಲ್ಲೇ ಕ್ಯಾನ್ಸರ್ ತರುವ ಕ್ರೋಮಿಯಂ ಹುಟ್ಟೋದು. ಯಾಕೆ ಅಂತ ಹೇಳೋಕೆ ಸ್ವಲ್ಪ ಕೆಮಿಸ್ಟ್ರಿ ಬೇಕು, ಸಹಿಸಿಕೊಳ್ಳಿ.

ಮೊದಲ ವರ್ಷದ ಎಂಜಿನಿಯರಿಂಗ್ ಕೆಮಿಸ್ಟ್ರಿಯಲ್ಲಿ ನಮಗೆ ‘ಮೆಟಲ್ ಫಿನಿಷಿಂಗ್’ ಅಂತ ಒಂದು ಪಾಠ ಇತ್ತು. ಕ್ರೋಮಿಕ್ ಆಮ್ಲ ಮತ್ತು ಗಂಧಕಾಮ್ಲ 100:1 ಪ್ರಮಾಣ, ಆನೋಡ್‌ಗೆ ಸೀಸದ ಮಿಶ್ರಲೋಹ, ಕ್ರೋಮಿಯಂ ಆನೋಡ್ ಯಾಕೆ ಬಳಸಲ್ಲ, ಕಾರಣ ಕೊಡಿ. ಬಾಯಿಪಾಠ ಮಾಡಿ ಬರೆದರೆ ಮಾರ್ಕ್ಸ್ ಗ್ಯಾರಂಟಿ. ಲೇಪನ ಹಾಕೋದನ್ನು ಕಲಿಸಿದರು. ಕೀಳೋದನ್ನು, ಕಿತ್ತ ಮೇಲೆ ಉಳಿಯುವ ನೀರನ್ನು ಏನು ಮಾಡೋದು ಅನ್ನೋದನ್ನು ಕಲಿಸಿದ ನೆನಪಿಲ್ಲ. ಸಿಲಬಸ್‌ಗಳಿಗೆ ಮೋರಿ ಕಾಣಲ್ಲ.

ಮೊದಲಿಗೆ, ನಾವು ಕ್ರೋಮ್ ಅಂತ ಕರೆಯೋದು ಬಹುಪಾಲು ಕ್ರೋಮ್ ಅಲ್ಲ. ಹೊಳಪಿಗಾಗಿ ಮಾಡುವ ಪ್ಲೇಟಿಂಗ್‌ನಲ್ಲಿ ಉಕ್ಕಿನ ಮೇಲೆ ಸಾಮಾನ್ಯವಾಗಿ ತಾಮ್ರ, ಅದರ ಮೇಲೆ ಹತ್ತಿಪ್ಪತ್ತು ಮೈಕ್ರಾನ್ ನಿಕಲ್, ಎಲ್ಲಕ್ಕಿಂತ ಮೇಲೆ ಅರ್ಧ ಮೈಕ್ರಾನ್ ಕೂಡ ಇಲ್ಲದ ಕ್ರೋಮಿಯಂ ಪೊರೆ ಇರುತ್ತೆ. ತಲೆಗೂದಲು ಐವತ್ತು, ಎಪ್ಪತ್ತು ಮೈಕ್ರಾನ್ ದಪ್ಪ. ಅದನ್ನು ಉದ್ದಕ್ಕೆ ನೂರಾರು ಎಳೆಯಾಗಿ ಸೀಳಿದರೆ ಸಿಗುವ ಒಂದು ಎಳೆಯಷ್ಟು ಈ ಪೊರೆ. ಹೊಳಪಿನ ಬಹುಪಾಲು ನಿಕಲ್‌ನದ್ದೇ. ಕ್ರೋಮಿಯಂ ಅದಕ್ಕೆ ನೀಲಿ ಛಾಯೆ ಕೊಟ್ಟು, ಗೀರು ಬೀಳದಂತೆ, ಮಂಕಾಗದಂತೆ ಕಾಯುತ್ತೆ. ‘ಕ್ರೋಮ್ ತುಕ್ಕು ಹಿಡಿದಿದೆ’ ಅಂತೀವಲ್ಲ, ಕ್ರೋಮಿಯಂಗೆ ಆ ಕೆಂಪು ತುಕ್ಕು ಹಿಡಿಯಲ್ಲ. ಪೊರೆಯ ಸಣ್ಣ ಬಿರುಕುಗಳಿಂದ, ನಿಕಲ್‌ನ ಸೂಜಿ ತೂತುಗಳಿಂದ ನೀರಿಳಿದು ಅಡಿಯ ಉಕ್ಕು ತುಕ್ಕು ಹಿಡಿದು ಮೇಲೆ ಬಂದಿರುತ್ತೆ.

ಫೋರ್ಕ್ ಟ್ಯೂಬ್, ಜೆಸಿಬಿಯ ಹೈಡ್ರಾಲಿಕ್ ರಾಡ್ ಮೇಲೆ ಇರೋದು ಬೇರೆ ಜಾತಿ. ಅದು ಹಾರ್ಡ್ ಕ್ರೋಮ್, ನೇರ ಉಕ್ಕಿನ ಮೇಲೆ ಹತ್ತಾರು ಮೈಕ್ರಾನ್ ದಪ್ಪ. ಅದನ್ನು ಮನೆಯಲ್ಲಿ ಮುಟ್ಟೋದೇ ಬೇಡ.

ಕೀಳಲೇಬೇಕಾ? ಬಹಳ ಸಲ ಬೇಡ. ಕ್ರೋಮಿಯಂ ಗಾಳಿ ಸೋಕಿದ ಕ್ಷಣದಲ್ಲೇ ಮೈಮೇಲೆ ಆಕ್ಸೈಡಿನ ಕವಚ ಹಾಕಿಕೊಳ್ಳುತ್ತೆ. ಬಣ್ಣ, ಪೌಡರ್ ಕೋಟಿಂಗ್, ಹೊಸ ನಿಕಲ್, ಯಾವುದೂ ಅದರ ಮೇಲೆ ಗಟ್ಟಿಯಾಗಿ ನಿಲ್ಲಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತೆ. ಆದ್ದರಿಂದ ಮತ್ತೆ ಕ್ರೋಮ್ ಮಾಡಿಸುವುದಾದರೆ ಕೀಳಲೇಬೇಕು. ಆದರೆ ನಿಮಗೆ ಬೇಕಿರೋದು ಕಪ್ಪು ಬಣ್ಣ, ಹಳೇ ಪ್ಲೇಟಿಂಗ್ ಎಲ್ಲೂ ಎದ್ದಿಲ್ಲ ಅಂದರೆ, ಒದ್ದೆ ಎಮರಿ ಪೇಪರ್‌ನಲ್ಲಿ ಹೊಳಪು ಪೂರ್ತಿ ಸಾಯುವ ತನಕ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆದರೆ ಸಾಕು. ಬೆವರು ಹರಿಯುತ್ತೆ, ವಿಷ ಹರಿಯಲ್ಲ. ನನ್ನನ್ನು ಕೇಳಿದರೆ ಮೊದಲ ಸಲಹೆ ಇದೇ. ಎರಡನೆಯದು, ಅಲ್ಲಲ್ಲಿ ಚುಕ್ಕೆ ಬಿದ್ದ ಹಳೇ ಕ್ರೋಮನ್ನು ಎಣ್ಣೆ ಸವರಿ ಹಾಗೇ ಬಿಡಿ. ಅರವತ್ತು ವರ್ಷದ ಗಾಡಿ ಅರವತ್ತು ವರ್ಷದ್ದಾಗಿ ಕಂಡರೆ ಯಾರಪ್ಪನ ಗಂಟು ಹೋಗುತ್ತೆ?

ಮರಳು ಹೊಡೆಸಿ ತೆಗೆಸ್ತೀನಿ ಅನ್ನೋರಿಗೆ ಒಂದು ಮಾತು. ನಿಜವಾದ ಮರಳಿನಿಂದ ಬ್ಲಾಸ್ಟಿಂಗ್ ಮಾಡುವ ಕಡೆ ಸಿಲಿಕಾ ಧೂಳು ಏಳುತ್ತೆ. ಮಾಡುವ ಮನುಷ್ಯನ ಶ್ವಾಸಕೋಶಕ್ಕೆ ಅದು ಸಿಲಿಕೋಸಿಸ್. ಹುಳಿ ತಪ್ಪಿಸೋಕೆ ಹೋಗಿ ಕಾರಕ್ಕೆ ಬಿದ್ದಂಗೆ.

ಹಸಿರು ನೀರು, ಹಳದಿ ನೀರು

1797ರಲ್ಲಿ ಫ್ರಾನ್ಸಿನ ವೋಕ್ಲಾನ್ ಸೈಬೀರಿಯಾದ ಒಂದು ಕೆಂಪು ಅದಿರಿನಲ್ಲಿ ಈ ಲೋಹವನ್ನು ಕಂಡುಹಿಡಿದಾಗ ಗ್ರೀಕ್ ಭಾಷೆಯ ‘ಬಣ್ಣ’ ಎಂಬ ಪದದಿಂದ ಅದಕ್ಕೆ ಹೆಸರು ಬಂತು. ಲೋಹ ಬೆಳ್ಳಗಿದ್ದರೂ ಅದರ ಸಂಯುಕ್ತಗಳು ಬಣ್ಣ ಬಣ್ಣ. ನಮಗೆ ಇದು ಅನುಕೂಲ, ಬಣ್ಣ ನೋಡಿಯೇ ಬಕೆಟ್‌ನಲ್ಲಿ ಯಾವ ಕ್ರೋಮಿಯಂ ಇದೆ ಅಂತ ಹೆಚ್ಚುಕಮ್ಮಿ ಹೇಳಬಹುದು.

ಪ್ಲೇಟಿಂಗ್ ಶೆಡ್‌ಗಳಲ್ಲಿ ಕ್ರೋಮ್ ಕೀಳುವ ದಾರಿ ಮುಖ್ಯವಾಗಿ ಎರಡು. ಒಂದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದೋದು. ಮೊದಲಿಗೆ ಏನೂ ಆಗಲ್ಲ, ಆಕ್ಸೈಡಿನ ಕವಚ ತಡೆದು ನಿಲ್ಲುತ್ತೆ. ಅದು ಒಡೆದ ಕೂಡಲೇ ಬುರುಬುರು ಗುಳ್ಳೆ ಎದ್ದು, ಕೆಲವೇ ನಿಮಿಷದಲ್ಲಿ ನೀಲಿ ಛಾಯೆ ಹೋಗಿ ನಿಕಲ್‌ನ ತಿಳಿ ಹಳದಿ ಮಿಶ್ರಿತ ಬಿಳುಪು ಕಾಣುತ್ತೆ. ದ್ರಾವಣ ಹಸಿರಾಗುತ್ತೆ. ಈ ಹಸಿರು ಮೂರು-ವೇಲೆನ್ಸಿಯ ಕ್ರೋಮಿಯಂ. ಸಾಧು ಅಂತಲ್ಲ, ಆದರೆ ತನ್ನ ಅಣ್ಣನಿಗೆ ಹೋಲಿಸಿದರೆ ಎಷ್ಟೋ ವಾಸಿ. ಆಮ್ಲದ ತೊಂದರೆಗಳು ಬೇರೆ. ಅದರ ಹಬೆ ಎದೆಗೆ ಹೋಗುತ್ತೆ, ಕೋಣೆಯಲ್ಲಿರುವ ಸ್ಪ್ಯಾನರ್‌ಗಳನ್ನೆಲ್ಲ ರಾತ್ರಿ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಸುತ್ತೆ. ಹತ್ತಿರದಲ್ಲಿ ಬ್ಲೀಚಿಂಗ್ ಪೌಡರ್ ಇದ್ದು ಎರಡೂ ಬೆರೆತರೆ ಕ್ಲೋರಿನ್ ಅನಿಲ. ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ನುಗ್ಗಿ ಅದನ್ನು ಪೆಡಸು ಮಾಡುತ್ತೆ. ಸ್ಪ್ರಿಂಗ್, ಆಕ್ಸೆಲ್, ಗಟ್ಟಿ ಬೋಲ್ಟುಗಳು ಹೊರಗೆ ಫಳಫಳ ಅಂತಿದ್ದು ಒಂದು ದಿನ ಓಡುವಾಗ ಲಟಕ್ ಅಂತ ಮುರಿಯೋದು ಹೀಗೆ. ಅದಕ್ಕೇ ಬಲ್ಲವರು ಅಂಥ ಭಾಗಗಳನ್ನು ಕೂಡಲೇ 190-200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡಿ ಹೈಡ್ರೋಜನ್ ಓಡಿಸ್ತಾರೆ. ಅಲ್ಯೂಮಿನಿಯಂ, ಸತುವಿನ ಎರಕದ ಭಾಗಗಳನ್ನಂತೂ ಆಮ್ಲ ಬಾಯಿಗೆ ಹಾಕಿಕೊಂಡು ನುಂಗುತ್ತೆ. ಮ್ಯಾಗ್ನೆಟ್ ಹಿಡಿದು ನೋಡಿ, ಗಟ್ಟಿಯಾಗಿ ಕಚ್ಚಿದರೆ ಉಕ್ಕು. ಲೇಸಾಗಿ ಎಳೆದರೆ ಮೋಸ ಹೋಗಬೇಡಿ, ಅದು ಮೇಲಿನ ನಿಕಲ್‌ನ ಎಳೆತವೂ ಇರಬಹುದು.

ಅಂದ ಹಾಗೆ, 2013ರ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಪ್ರಕಾರ ಆಸಿಡ್ ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು. ನಿಮ್ಮ ಬೀದಿಯಲ್ಲಿ ಅದು ಎಷ್ಟು ನಡೀತಿದೆ ಅಂತ ನೀವೇ ನೋಡಿರ್ತೀರಿ.

ಎರಡನೇ ದಾರಿ ಕಾಸ್ಟಿಕ್ ಸೋಡಾ ಮತ್ತು ಕರೆಂಟು. ಭಾಗವನ್ನು ಪಾಸಿಟಿವ್‌ಗೆ ಕಟ್ಟಿ ಸೋಡಾ ನೀರಿಗೆ ಇಳಿಬಿಟ್ಟು ಆರು ವೋಲ್ಟ್ ಆಸುಪಾಸು ಕೊಡ್ತಾರೆ. ಉಕ್ಕಿಗೆ ಇದು ಸೊಗಸಾದ ವಿಧಾನ. ಕ್ರೋಮಿಯಂ ಕರಗುತ್ತೆ, ಉಕ್ಕು ತನ್ನ ಕವಚದೊಳಗೆ ಕೂತು ಬಚಾವಾಗುತ್ತೆ. ವಿಡಿಯೋಗಳ ವಾಷಿಂಗ್ ಸೋಡಾ ಬಕೆಟ್ ಇದರದೇ ತಮ್ಮ. ಆದರೆ ಇಲ್ಲಿ ಪ್ರತಿ ಕ್ರೋಮಿಯಂ ಪರಮಾಣು ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕ್ರೋಮೇಟ್ ಆಗಿ ನೀರಿಗೆ ಇಳಿಯುತ್ತೆ. ನೀರು ನಿಂಬೆ ಶರಬತ್ತಿನ ಹಾಗೆ ಹಳದಿಯಾಗುತ್ತೆ. ಇದೇ ಆರು-ವೇಲೆನ್ಸಿಯ ಕ್ರೋಮಿಯಂ, ಹೆಕ್ಸಾವೇಲೆಂಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ಇದನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ ಸೇರಿಸಿದೆ.

ತುಕ್ಕು ತೆಗೆಯೋಕೆ ಇದೇ ಸೋಡಾ ಬಕೆಟ್ ಬಳಸುವವರೂ ಇದ್ದಾರೆ. ಅಲ್ಲಿ ಭಾಗ ನೆಗೆಟಿವ್‌ಗೆ. ಪಾಸಿಟಿವ್‌ಗೆ ಏನೋ ಒಂದು ಲೋಹ ಬೇಕಲ್ಲ ಅಂತ ಅಡುಗೆಮನೆಯ ಸ್ಟೀಲ್ ಲೋಟ, ಸೌಟು ಇಳಿಬಿಡ್ತಾರೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇದೆ, ಅದರಿಂದಲೂ ಅದೇ ಹಳದಿ ವಿಷ. ಮಾಡಲೇಬೇಡಿ.

ಒಂದೇ ಲೋಹದ ಎರಡು ರೂಪಕ್ಕೆ ಇಷ್ಟು ಅಂತರ ಯಾಕೆ? ಕ್ರೋಮೇಟ್ ಅಣುವಿನ ಆಕಾರ ಸಲ್ಫೇಟ್‌ನದ್ದೇ ಪಡಿಯಚ್ಚು. ಜೀವಕೋಶಕ್ಕೆ ಸಲ್ಫೇಟ್ ಬೇಕು, ಅದಕ್ಕೊಂದು ಬಾಗಿಲು ಇಟ್ಟುಕೊಂಡಿರುತ್ತೆ. ಆ ಬಾಗಿಲಲ್ಲಿ ಕ್ರೋಮೇಟ್ ವೇಷ ಹಾಕಿಕೊಂಡು ಒಳಗೆ ಬರುತ್ತೆ. ಒಳಗೆ ಮೂರು-ವೇಲೆನ್ಸಿಗೆ ಇಳಿಯುವ ಹಾದಿಯಲ್ಲಿ ಡಿಎನ್‌ಎಯನ್ನು ಹಾಳು ಮಾಡುತ್ತೆ. ಮೂರು-ವೇಲೆನ್ಸಿಯದು ಹೊರಗೇ ಇದ್ದರೆ ಅದಕ್ಕೆ ಆ ಬಾಗಿಲು ಸುಲಭಕ್ಕೆ ತೆರೆಯಲ್ಲ. ಮಣ್ಣಿನಲ್ಲೂ ಇದೇ ಕತೆ. ಮೂರರದ್ದು ಬಹುಪಾಲು ಗಸಿಯಾಗಿ ಅಲ್ಲೇ ಕೂರುತ್ತೆ, ಆರರದ್ದು ನೀರಿನ ಜೊತೆ ನಡೆದುಕೊಂಡು ಬೋರ್‌ವೆಲ್ ತನಕ ಹೋಗುತ್ತೆ.

ಎಷ್ಟು ಹೋಗುತ್ತೆ? ಲೆಕ್ಕ ಹಾಕೋಣ, ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ. ಹ್ಯಾಂಡಲ್, ರಿಂ, ಸೈಲೆನ್ಸರ್, ಟ್ಯಾಂಕಿನ ಪಕ್ಕೆ ಎಲ್ಲ ಸೇರಿ ಒಂದು ಚದರ ಮೀಟರ್ ಕ್ರೋಮ್ ಇದೆ, ಪೊರೆ 0.3 ಮೈಕ್ರಾನ್ ಅಂದುಕೊಳ್ಳಿ. ತೂಕ ಎರಡು ಗ್ರಾಂ ಚಿಲ್ಲರೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತೆ ಭಾರತೀಯ ಮಾನಕ. ಅಂದರೆ ಒಂದು ಬೈಕಿನ ಕ್ರೋಮ್ 43,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಬಾಗಿಲಲ್ಲಿ ಕಾದು ಕೂತಿದ್ದರಲ್ಲ, ಆ 12,000 ಲೀಟರಿನ ಟ್ಯಾಂಕರ್, ಅಂಥವು ಮೂರೂವರೆ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ನೀರು ಮಿತಿ ದಾಟಿ ಬಹಳ ದೂರ ಹೋಗಿರುತ್ತೆ.

ಇದು ಒಂದು ಬೈಕ್. ಪೀಣ್ಯದಲ್ಲಿ ಇದೇ ದಿನದ ಕೆಲಸ.

ಮೂಗಿನ ತೂತು ಯಾರ ಲೆಕ್ಕದಲ್ಲಿದೆ?

ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರೋದು ಹೊಸ ಸುದ್ದಿಯಲ್ಲ, ವರದಿಗಳು ಬಂದು ಹೋಗಿವೆ. ಅಲ್ಲಿನ ಪ್ಲೇಟಿಂಗ್ ಕೆಲಸದ ದೊಡ್ಡ ಭಾಗ ಜಾಬ್ ವರ್ಕ್. ದೊಡ್ಡ ಕಂಪನಿ ತನ್ನ ವೆಂಡರ್‌ಗೆ, ವೆಂಡರ್ ಇನ್ನೊಬ್ಬ ಸಣ್ಣವನಿಗೆ, ಸಣ್ಣವನು ಐದಾರು ಜನರ ಶೆಡ್‌ಗೆ. ತಿರಸ್ಕೃತವಾದ ಮಾಲು ಹಿಂದಕ್ಕೆ ಬಂದಾಗ ಕಿತ್ತು ಮತ್ತೆ ಹಾಕೋದೂ ಅದೇ ಶೆಡ್‌ನಲ್ಲಿ. ಅಂಥ ಒಂದು ಕಡೆ ರಾಯಚೂರು ಕಡೆಯ ಒಬ್ಬರನ್ನು ಮಾತಾಡಿಸಿದ್ದೆ. ಕೈಗವಸಿನ ಬೆರಳ ತುದಿ ಹರಿದಿತ್ತು. ಬೆರಳ ಸಂದಿಯಲ್ಲಿ ಒಣಗದ ಸಣ್ಣ ಗುಂಡಿ ಹುಣ್ಣು. “ಮೂಗಿನಾಗೂ ಒಂದು ಸಣ್ ತೂತು ಅದರಿ ಸರ್. ನೋವೇನಿಲ್ರಿ,” ಅಂದರು, ನೆಗಡಿ ಬಗ್ಗೆ ಹೇಳಿದ ಹಾಗೆ.

ನೋವಿಲ್ಲದಿರೋದೇ ಅದರ ಲಕ್ಷಣ. ಕ್ರೋಮಿಕ್ ಆಮ್ಲದ ತುಂತುರು ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ಕೊರೆಯುತ್ತಾ ಹೋಗುತ್ತೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಈ ತುಂತುರಿಗೂ ಕಾರಣ ಇದೆ. ಕ್ರೋಮ್ ತೊಟ್ಟಿಗೆ ಕೊಟ್ಟ ಕರೆಂಟಿನಲ್ಲಿ ಹತ್ತಿಪ್ಪತ್ತು ಭಾಗ ಮಾತ್ರ ಲೋಹ ಕೂರಿಸೋಕೆ ಬಳಕೆಯಾಗುತ್ತೆ, ಉಳಿದದ್ದು ಬಹುತೇಕ ಅನಿಲ ಎಬ್ಬಿಸೋಕೆ. ಪ್ರತಿ ಗುಳ್ಳೆ ಒಡೆದಾಗಲೂ ಒಂದು ಹನಿ ಆಮ್ಲ ಗಾಳಿಗೆ.

ಕಾನೂನಿಗೆ ಇದು ಗೊತ್ತಿಲ್ಲ ಅನ್ನೋ ಹಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಯ 3ನೇ ಅನುಸೂಚಿಯಲ್ಲಿ ಕ್ರೋಮ್ ಹುಣ್ಣು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕ್ರೋಮಿಯಂ ಕಾಯಿಲೆಗಳು ವೃತ್ತಿರೋಗಗಳಾಗಿದ್ದವು. ಆದರೆ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು ಜನ ಇದ್ದರೆ ಮಾತ್ರ ಅದು ‘ಕಾರ್ಖಾನೆ’ ಆಗುತ್ತಿತ್ತು. ಇಎಸ್‌ಐಗೂ ಹತ್ತರ ಗೆರೆ. ಆರು ಜನರ ಶೆಡ್ ಈ ಎರಡೂ ಕಣ್ಣುಗಳಿಂದ ಆಚೆ. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆಯ ಗೆರೆಯನ್ನು 20ಕ್ಕೆ ಏರಿಸಿತು. ಅಪಾಯಕಾರಿ ಕೆಲಸವಿದ್ದರೆ ಒಬ್ಬ ನೌಕರನಿದ್ದರೂ ಅನ್ವಯಿಸುವಂತೆ ಸರ್ಕಾರ ಅಧಿಸೂಚನೆ ಹೊರಡಿಸಬಹುದು ಅಂತಲೂ ಅದರಲ್ಲಿದೆ. ‘ಬಹುದು’ ಅನ್ನೋ ಪದದ ಮೇಲೆ ಒಬ್ಬ ಮನುಷ್ಯನ ಮೂಗು ನಿಂತಿದೆ.

ಪರಿಸರದ ನಿಯಮಗಳಿಗೆ ಮಾತ್ರ ತಲೆ ಎಣಿಕೆ ಇಲ್ಲ. ಮೋರಿ, ಕೆರೆಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು. ತೊಟ್ಟಿಯ ಗಸಿ 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತೆ. ಶುದ್ಧೀಕರಣ ಅಸಾಧ್ಯದ ಕೆಲಸವೂ ಅಲ್ಲ. ಹಳದಿ ನೀರನ್ನು ಹುಳಿ ಮಾಡಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಆರರದ್ದು ಮೂರಕ್ಕೆ ಇಳಿಯುತ್ತೆ, ನೀರು ಹಸಿರಾಗುತ್ತೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ಗಸಿಯಾಗಿ ತಳಕ್ಕೆ ಕೂರುತ್ತೆ. ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ದುಡ್ಡು ಕೊಟ್ಟು ಕಳಿಸಬೇಕು. ನೂರು ವರ್ಷ ಹಳೆಯ ಕೆಮಿಸ್ಟ್ರಿ ಇದು, ಕಷ್ಟ ಇರೋದು ದುಡ್ಡಿನಲ್ಲಿ. ಪೀಸಿಗೆ ಇಷ್ಟು ಅಂತ ರೇಟ್ ಕುಗ್ಗಿಸುತ್ತಾ ಬರುವ ಸರಪಳಿಯಲ್ಲಿ ಮೆಟಾಬೈಸಲ್ಫೈಟ್‌ಗೆ ಅಂತ ಯಾರೂ ಎತ್ತಿಟ್ಟಿರಲ್ಲ. ಶೆಡ್ ಮಾಲೀಕನನ್ನು ಖಳನಾಯಕ ಮಾಡಿ ಮುಗಿಸೋದು ಸುಲಭ, ಅವನೂ ಅದೇ ತುಂತುರು ಕುಡಿಯುತ್ತಾ ನಿಂತಿರ್ತಾನೆ.

ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲಿ. ಐರೋಪ್ಯ ಒಕ್ಕೂಟದ ವಾಹನ ನಿಯಮಗಳು ಕಾರಿನ ಭಾಗಗಳಲ್ಲಿ ಹೆಕ್ಸಾವೇಲೆಂಟ್ ಇರಬಾರದು ಅನ್ನುತ್ತವೆ. ಹೊಳೆಯುವ ಕ್ರೋಮ್ ಭಾಗ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸ್. ಯಾಕೆಂದರೆ ಮೈಮೇಲೆ ಕೂತ ಮೇಲೆ ಅದು ಬರೀ ಲೋಹ, ಸೊನ್ನೆ ವೇಲೆನ್ಸಿ. ಆರರದ್ದು ತೊಟ್ಟಿಯಲ್ಲೇ, ತೊಟ್ಟಿ ಇರುವ ಊರಲ್ಲೇ ಉಳಿದಿರುತ್ತೆ. ತಮ್ಮ ನೆಲದ ತೊಟ್ಟಿಗಳ ಬಗ್ಗೆ ಅವರು ಬೇರೆಯಾಗಿ ಯೋಚಿಸಿದ್ದಾರೆ. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿ ಇಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಹಂತ ಹಂತವಾಗಿ ಹೆಕ್ಸಾವೇಲೆಂಟ್ ಪ್ಲೇಟಿಂಗ್ ನಿಲ್ಲಿಸಲು ತೀರ್ಮಾನಿಸಿತು, ಹೊಳಪಿನ ಪ್ಲೇಟಿಂಗ್‌ಗೆ 2027, ಹಾರ್ಡ್ ಕ್ರೋಮ್‌ಗೆ 2039. ಅದೇ ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಊರಿನ ಬಾವಿಗಳಿಗೆ ಇದೇ ವಿಷ ಸೇರಿ, 1996ರಲ್ಲಿ ಕಂಪನಿ 33.3 ಕೋಟಿ ಡಾಲರ್ ಕೊಟ್ಟು ರಾಜಿಯಾಗಿತ್ತು. ನಮ್ಮ ಪಕ್ಕದ ರಾಣಿಪೇಟೆಯಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ತ್ಯಾಜ್ಯ ಲಕ್ಷ ಟನ್‌ಗೂ ಹೆಚ್ಚು. ಆ ಊರಿನ ಬಗ್ಗೆ ಹಾಲಿವುಡ್ ಸಿನಿಮಾ ಬರಲಿಲ್ಲ.

ಬೇರೆ ದಾರಿ ಇಲ್ಲವಾ? ಹೊಳಪಿನ ಕೆಲಸಕ್ಕೆ ಮೂರು-ವೇಲೆನ್ಸಿಯ ತೊಟ್ಟಿಯಿಂದಲೇ ಪ್ಲೇಟಿಂಗ್ ಮಾಡಬಹುದು, ಬಣ್ಣ ಒಂದು ಚೂರು ಕಡು ಅಷ್ಟೇ. ನಿಕಲ್ ಮಾಡಿಸಿ ಅಲ್ಲಿಗೇ ನಿಲ್ಲಿಸಬಹುದು. 1920ರ ದಶಕಕ್ಕೆ ಮುಂಚಿನ ಗಾಡಿಗಳೆಲ್ಲ ಹಾಗೇ ಇದ್ದವು, ಆಗಾಗ ಒರೆಸಬೇಕು.

ಕೀಳಿಸಲೇಬೇಕು ಅಂದರೆ ಶೆಡ್‌ಗೆ ಕೊಡಿ. ಕೊಡುವ ಮುಂಚೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯಾಚರಣೆ ಸಮ್ಮತಿ ಇದೆಯಾ, ಹಳದಿ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಕೆಲವರು ಬೈದು ಕಳಿಸ್ತಾರೆ. ಕೆಲವರು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೊಟ್ಟಿ, ಗಸಿಯ ಡ್ರಮ್ಮು, ಕಳಿಸಿದ ರಸೀದಿ ತೋರಿಸ್ತಾರೆ. ಅವರ ರೇಟು ಜಾಸ್ತಿ ಇರುತ್ತೆ. ಚೌಕಾಸಿ ಮಾಡಬೇಡಿ.

ಇನ್ನು, ವಿಡಿಯೋ ನೋಡಿ ಆಗಲೇ ಮಾಡಿಬಿಟ್ಟಿದ್ದೀರಿ, ಹಳದಿ ಬಕೆಟ್ ಮಹಡಿ ಮೇಲಿದೆ ಅನ್ನೋರಿಗೆ. ಬರಿಗೈ ಹಾಕಬೇಡಿ. ಬಚ್ಚಲಿಗೆ, ಗಿಡಕ್ಕೆ, ಮಳೆನೀರಿನ ಇಂಗುಗುಂಡಿಗೆ ಚೆಲ್ಲಬೇಡಿ. ನೀರು ಬೆರೆಸಿ ತೆಳುವಾಗಿಸಿದರೆ ಬಣ್ಣ ಮಾತ್ರ ಹೋಗುತ್ತೆ. ಮೆಟಾಬೈಸಲ್ಫೈಟ್ ಪ್ರಯೋಗವನ್ನೂ ಮನೆಯಲ್ಲಿ ಮಾಡಬೇಡಿ, ಕಾಸ್ಟಿಕ್‌ಗೆ ಆಮ್ಲ ಸುರಿದರೆ ಕುದಿದು ಮುಖಕ್ಕೆ ಹಾರುತ್ತೆ, ಉಸಿರುಗಟ್ಟಿಸುವ ಗಂಧಕದ ಹೊಗೆ ಬೇರೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮೇಲೆ ‘ಕ್ರೋಮೇಟ್, ವಿಷ’ ಅಂತ ದಪ್ಪಗೆ ಕನ್ನಡದಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಶುದ್ಧೀಕರಣ ಘಟಕ ಇರುವ ಪ್ಲೇಟಿಂಗ್‌ನವರನ್ನು ಹುಡುಕಿ, ಮುಂದಿನ ಸಲ ಭಾಗ ಕೊಡೋಕೆ ಹೋಗುವಾಗ ಕ್ಯಾನನ್ನೂ ತೆಗೆದುಕೊಳ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.